ಮಾಹಿತಿ ಆಯುಕ್ತರ ಆದೇಶ ಒಪ್ಪದಿದ್ದರೆ?

ಪ್ರಶ್ನೆ: ಬ್ರಿಟನ್ನಿನ ಮಾಹಿತಿ ಹಕ್ಕು ನ್ಯಾಯಮಂಡಳಿಯ ಕೆಲಸವೇನು?

ಉತ್ತರ: ಮಾಹಿತಿ ಆಯುಕ್ತರ ಆದೇಶದ ವಿರುದ್ಧ ಮೇಲ್ಮನವಿ ಕೇಳುವುದು. ಅರ್ಜಿಗೆ ಸಾಮಾನ್ಯವಾಗಿ 28 ದಿನ ಗಡುವು. ಮಾಹಿತಿ ಸಿಗದ ನಾಗರಿಕರಷ್ಟೇ ಅಲ್ಲ, ಕೊಡಲೇಬೇಕೆಂಬ ಆದೇಶ ಪಡೆದ ಸರ್ಕಾರಿ ಇಲಾಖೆಗಳೂ, ಜನರ ಖಾಸಗಿ ವಿವರ ಕಾಪಾಡದೆ ದಂಡಕ್ಕೆ ಗುರಿಯಾದ ಕಂಪನಿಗಳೂ ಇಲ್ಲಿಗೆ ಬರುತ್ತವೆ. ಮಂಡಳಿ ಕಾನೂನಿನ ತಪ್ಪನ್ನಷ್ಟೇ ಹುಡುಕದೆ, ಸಂಗತಿಗಳನ್ನೂ ಹೊಸದಾಗಿ ಪರಿಶೀಲಿಸಬಲ್ಲದು. ಅದರ ನಿಜವಾದ ಬಲ ಇದೇ.

ಸಂಸದರ ಎರಡನೇ ಮನೆಯ ಭತ್ಯೆಯ ಪ್ರಕರಣ ನೋಡಿ. ಪತ್ರಕರ್ತರು 14 ಸಂಸದರ ಖರ್ಚಿನ ವಿವರ ಕೇಳಿದ್ದರು. ಅದು ವೈಯಕ್ತಿಕ ಮಾಹಿತಿ ಎಂದು ಕಾಮನ್ಸ್ ಸಭೆ ಪ್ರತಿರೋಧಿಸಿತು. ಆದರೆ ಖರ್ಚಾದದ್ದು ತೆರಿಗೆದಾರರ ಹಣ. 2008ರಲ್ಲಿ ಅಂದಿನ ಮಂಡಳಿ ವಿವರ ಕೊಡಿ ಎಂದಿತು. ಸಂಸತ್ತಿಗೇ ಹಾಗೆ ಹೇಳಲು ಧೈರ್ಯ ಬೇಕು! ಅದೇ ವರ್ಷ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು.