ಹಬ್ಬಗಳು ಹಲವು, ಮೊಗಸಾಲೆ ಒಂದು

ಸಿಂಗಪುರದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವರು ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿಗಳಲ್ಲಿ ನೆಲೆಸಿದ್ದಾರೆ. ಯಾವ ಕಟ್ಟಡವೂ ಒಂದೇ ಜನಾಂಗದ ಕೇರಿಯಾಗದಂತೆ 1989ರಿಂದ ಅಲ್ಲಿ ಕಟ್ಟಳೆಯುಂಟು. ಆದಕಾರಣ ಸಾಲುಬಾಗಿಲುಗಳ ಒಂದೇ ಮೊಗಸಾಲೆಯಲ್ಲಿ ಚೀನೀ ಹೊಸವರ್ಷಕ್ಕೆ ಕೆಂಪು ಲಾಂದ್ರ, ರಂಜಾನ್ ಹಬ್ಬಕ್ಕೆ ಮಿಣುಕುದೀಪಗಳ ಮಾಲೆ, ದೀಪಾವಳಿಗೆ ರಂಗವಲ್ಲಿ, ಕ್ರಿಸ್‌ಮಸ್‌ಗೆ ನಕ್ಷತ್ರ ಸರದಿಯಂತೆ ಶೋಭಿಸುತ್ತವೆ.

ಬಾಗಿಲು ಅವರವರದಾದರೂ ಮೊಗಸಾಲೆ ಎಲ್ಲರ ಸೊತ್ತು. ಬೆಂಕಿಯ ವೇಳೆ ಪಾರಾಗಲು ಅಲ್ಲಿ 1.2 ಮೀಟರ್ ಅಗಲದ ದಾರಿ ತೆರವಾಗಿರಬೇಕೆಂಬುದು ನಿಯಮ. ಮನಸ್ಸುಗಳ ನಡುವೆಯೂ ಅಂಥದೇ ತೆರವು ಬೇಕು. ತಂತಮ್ಮ ಧರ್ಮದ ಚಿಹ್ನೆ ತಂತಮ್ಮ ಬಾಗಿಲಿಗೆ ಭೂಷಣ. ಎಲ್ಲರೂ ಹಾಯುವೆಡೆಗೆ ಹೂವು, ಹಸುರು, ಬೆಳಕು ಸಾಕು. ಎಲ್ಲರ ಹಣದಿಂದ ಒಂದು ಹಬ್ಬವನ್ನು ಸಿಂಗರಿಸಿದರೆ ಉಳಿದವಕ್ಕೂ ಅದೇ ಗೌರವ ಸಲ್ಲಬೇಕು. ಹಬ್ಬದ ದಿನ ನೆರೆಯವನು ತನ್ನ ಹೊಸಿಲಲ್ಲೇ ಪರಕೀಯನಾಗಬಾರದು.