ಅಂಕಪಟ್ಟಿಗಿಂತ ಮೊದಲು ಆರೋಗ್ಯ: ಮಧುಗಿರಿ ಸೀಮೆಯ ಪ್ರೌಢಶಾಲಾ ಮಕ್ಕಳು

ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಪ್ರತಿವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೊರಬಿದ್ದ ದಿನ ಈ ಜಿಲ್ಲೆ ರಾಜ್ಯದಲ್ಲಿ ಎಷ್ಟನೆಯ ಸ್ಥಾನಕ್ಕೆ ಬಂತು ಎಂಬ ಮಾತು ಊರೂರಿನ ಅರಳಿಕಟ್ಟೆಗಳಲ್ಲಿ ನಡೆಯುತ್ತದೆ. ಸ್ಥಾನದ ಚರ್ಚೆ ತಪ್ಪಲ್ಲ. ಆದರೆ ಆ ಪರೀಕ್ಷೆಯನ್ನು ಬರೆದ ಮಗು ಎಂತಹ ನೀರು ಕುಡಿದಿತ್ತು, ಏನು ಉಂಡಿತ್ತು, ಎಷ್ಟು ಹೊತ್ತು ಮಲಗಿತ್ತು, ಯಾವ ಭಯವನ್ನು ಯಾರಿಗೂ ಹೇಳದೆ ನುಂಗಿಕೊಂಡಿತ್ತು ಎಂಬುದನ್ನು ಕೇಳುವವರು ವಿರಳ. ಹದಿಮೂರರಿಂದ ಹದಿನಾರರ ವಯಸ್ಸು ದೇಹವೂ ಮನಸ್ಸೂ ಒಮ್ಮೆಲೇ ಬೆಳೆಯುವ ಕಾಲ. ಆಗ ಬಿದ್ದ ಕೊರತೆಯನ್ನು ಮುಂದೆ ತುಂಬುವುದು ಕಷ್ಟ. ಆದುದರಿಂದ ಈ ತಿಂಗಳು ಪ್ರೌಢಶಾಲೆಯ ಮಕ್ಕಳ ತನು, ಮನ ಮತ್ತು ಕಲಿಕೆಯನ್ನು ಕುರಿತು ಸದ್ಭಕ್ತರೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳುತ್ತಿದ್ದೇವೆ.

ಮೊದಲು ನೀರು

ಈ ಸೀಮೆ ಬಯಲುಸೀಮೆ. ಮಳೆ ಕಡಿಮೆ, ಕೊಳವೆ ಬಾವಿಗಳು ಆಳ. ಬಂಡೆಗಳ ಸಂದಿನಿಂದ ಮೇಲೆ ಬರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಪಾವಗಡ ತಾಲ್ಲೂಕಿನವರಿಗೆ ಬಹುಕಾಲದ ಸಂಕಟ. ಸುತ್ತಲಿನ ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿಯೂ ಈ ತೊಂದರೆ ಉಂಟು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲವೆಂದಾದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು.

ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನೋಡಿ ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಗದರಿಸುವ ಹಿರಿಯರಿದ್ದಾರೆ. ಆ ಕಲೆ ಕೊಳೆಯಲ್ಲ. ಎಂಟು ವರ್ಷದೊಳಗೆ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಫ್ಲೋರೈಡ್ ಮಾಡಿದ ಗುರುತು ಅದು. ಉಜ್ಜಿದರೆ ಹೋಗುವುದಿಲ್ಲ. ಹದಿಹರೆಯದ ಹುಡುಗ ಹುಡುಗಿಯರು ಬಾಯಿಗೆ ಕೈ ಅಡ್ಡವಿಟ್ಟು ನಗುವುದಕ್ಕೂ ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳಲು ಹಿಂಜರಿಯುವುದಕ್ಕೂ ಕೆಲವೊಮ್ಮೆ ಈ ಕಲೆಯೇ ಕಾರಣ. ಅದು ಅವರ ತಪ್ಪಲ್ಲವೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಬೇಕು.

ಹಲ್ಲಿನ ಕಾಲ ಮುಗಿದರೂ ಮೂಳೆಯ ಕಾಲ ಮುಗಿದಿರುವುದಿಲ್ಲ. ವರ್ಷಗಟ್ಟಲೆ ಇದೇ ನೀರು ಕುಡಿದರೆ ಕೀಲುಗಳು ಬಿಗಿದು, ಬೆನ್ನು ಬಾಗದಂತಾಗುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯಲು ಮಾತ್ರವಲ್ಲ, ಮುದ್ದೆಗೂ ಸಾರಿಗೂ ಶುದ್ಧ ನೀರಿನ ಘಟಕದ ನೀರನ್ನು ಅಥವಾ ಚೆನ್ನಾಗಿ ಹಿಡಿದಿಟ್ಟ ಮಳೆನೀರನ್ನು ಬಳಸುವುದು ಒಳ್ಳೆಯದು. ರಾಗಿ, ಹಾಲು, ಮಜ್ಜಿಗೆಗಳಲ್ಲಿರುವ ಸುಣ್ಣದಂಶ ಕರುಳಿನಲ್ಲಿ ಫ್ಲೋರೈಡನ್ನು ತಡೆಹಿಡಿಯಲು ನೆರವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ನಮ್ಮ ಹಿರಿಯರ ಊಟ ಈ ನೆಲಕ್ಕೆ ತಕ್ಕ ಊಟವೇ ಆಗಿತ್ತು.

ರಕ್ತ ಮತ್ತು ಅನ್ನ

ಬೆಳಗಿನ ಎರಡನೆಯ ಪಾಠಕ್ಕೇ ತೂಕಡಿಸುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅದರ ಕಣ್ಣಿನ ಕೆಳರೆಪ್ಪೆಯನ್ನು ನೋಡಬೇಕು. ಬಿಳಚಿಕೊಂಡಿದ್ದರೆ ರಕ್ತಹೀನತೆಯ ಸಂಶಯ ಪಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59.1 ಮಂದಿಗೆ, ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ಶೇ. 31.1 ಮಂದಿಗೆ ರಕ್ತಹೀನತೆಯಿದೆ. ಹೆಣ್ಣುಮಕ್ಕಳ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ಕೊರತೆ. ಇಂತಹ ಮಗುವಿಗೆ ಬೇಗ ಆಯಾಸವಾಗುತ್ತದೆ, ಗಮನ ನಿಲ್ಲುವುದಿಲ್ಲ, ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಇದನ್ನು ಬರಿಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದು, ಮುಂದಿನ ವಾರದಿಂದ ಗುಟ್ಟಾಗಿ ಎಸೆಯುವ ಮಕ್ಕಳೂ ಇರುತ್ತಾರೆ. ಮಧ್ಯಾಹ್ನದ ಊಟವಾದ ಮೇಲೆ ನುಂಗಿದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಜಂತುಹುಳುವಿನ ಗುಳಿಗೆಯನ್ನೂ ವರ್ಷಕ್ಕೆರಡು ಬಾರಿ ತಪ್ಪದೆ ತೆಗೆದುಕೊಳ್ಳಬೇಕು. ಹುಳು ಇರುವವರೆಗೆ ಉಂಡ ಅನ್ನ ಮೈಗೆ ಹತ್ತದು.

ಮನೆಯ ಅಡಿಗೆಯಲ್ಲಿ ನುಗ್ಗೆಸೊಪ್ಪು, ದಂಟುಸೊಪ್ಪು, ಹುರುಳಿ, ಅವರೆ, ಬೆಲ್ಲ ಬೆರೆಸಿದ ಕಡಲೆಕಾಯಿ ಇರಲಿ. ಸೊಪ್ಪು ಕಾಳುಗಳ ಕಬ್ಬಿಣಾಂಶ ಸುಲಭವಾಗಿ ಮೈಗೂಡುವುದಿಲ್ಲ. ಜೊತೆಗೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಹೆಚ್ಚು ಮೈಗೂಡುತ್ತದೆ. ಊಟದೊಂದಿಗೇ ಚಹಾ ಕುಡಿದರೆ ಅದು ತಡೆಯುತ್ತದೆ. ಆದ್ದರಿಂದ ಬಸ್ಸಾರಿನ ಊಟಕ್ಕೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆಯ ಅಂತರವಿರಲಿ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟಕ್ಕೆ ರಾಜ್ಯ ಸರ್ಕಾರವು ‘ಅಕ್ಷರ ದಾಸೋಹ’ ಎಂಬ ಹೆಸರನ್ನು ಇಟ್ಟಿದೆ. ಶರಣರ ಮಾತಾದ ದಾಸೋಹವು ಸರ್ಕಾರದ ಕಡತಕ್ಕೆ ಬಂದಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, 2024ರ ಫೆಬ್ರವರಿಯಿಂದ ರಾಗಿ ಮಾಲ್ಟ್ ಇದಕ್ಕೆ ಸೇರಿವೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಉಂಟು. ಹತ್ತನೆಯ ತರಗತಿಗೆ ಬಂದ ಕೆಲವು ಮಕ್ಕಳು ನಾಚಿಕೆಯಿಂದ ಬಿಸಿಯೂಟದ ಸಾಲಿನಲ್ಲಿ ನಿಲ್ಲುವುದಿಲ್ಲ, ಸಂಜೆಯವರೆಗೆ ಉಪವಾಸವಿರುತ್ತಾರೆ. ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಬಡತನದ ಗುರುತಲ್ಲ, ಸಮಾನತೆಯ ಗುರುತು ಎಂಬುದನ್ನು ಮಠದ ಪ್ರಸಾದಕ್ಕೆ ಕುಳಿತ ಯಾವ ಭಕ್ತರೂ ಮಕ್ಕಳಿಗೆ ತಿಳಿಸಿ ಹೇಳಬಲ್ಲರು.

ಹೆಣ್ಣುಮಕ್ಕಳ ಮೌನ

ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ಹೆಣ್ಣುಮಕ್ಕಳಿದ್ದಾರೆ. ಇದರಿಂದ ತಲೆನೋವು, ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯುವುದಕ್ಕೆಂದೇ ಗಂಟೆ ಬಾರಿಸುವ ಪದ್ಧತಿ ಆರಂಭವಾಯಿತು. ನಮ್ಮ ಬಿಸಿಲಿನ ಸೀಮೆಗೆ ಅದು ಇನ್ನೂ ಹೆಚ್ಚು ಅಗತ್ಯ. ಆದರೆ ಗಂಟೆಗಿಂತ ಮೊದಲು ಶೌಚಾಲಯದ ಬಾಗಿಲಿಗೆ ಚಿಲಕ, ತೊಟ್ಟಿಗೆ ನೀರು ಬೇಕು. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುವ ಹುಡುಗಿ ವರ್ಷದಲ್ಲಿ ಎಷ್ಟು ಪಾಠ ಕಳೆದುಕೊಳ್ಳುತ್ತಾಳೆ ಎಂದು ಮನೆಯವರು ಎಣಿಸಿ ನೋಡಲಿ. ಶುಚಿ ಯೋಜನೆಯ ಪ್ಯಾಡುಗಳನ್ನು ಕೇಳಿ ಪಡೆಯುವುದು ಆಕೆಯ ಹಕ್ಕು. ವಿಪರೀತ ರಕ್ತಸ್ರಾವ ಅಥವಾ ನೋವಿದ್ದರೆ ಅದನ್ನು ಸಹಿಸಿಕೊಳ್ಳೆಂದು ಹೇಳದೆ ವೈದ್ಯರಿಗೆ ತೋರಿಸಬೇಕು.

ಪರೀಕ್ಷೆಯ ಭಯ, ಫಲಿತಾಂಶದ ದಿನ

ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದರ ಹಿಂದಿನ ವರ್ಷ ಅದು ಶೇ. 83.89 ಇತ್ತು. ಪ್ರಾಮಾಣಿಕ ಪರೀಕ್ಷೆ ಬೇಕೇ ಬೇಕು. ಆದರೆ ನೂರರಲ್ಲಿ ಇಪ್ಪತ್ತಾರಕ್ಕೂ ಹೆಚ್ಚು ಮಕ್ಕಳು ಆ ದಿನ ಸೋತು ಮನೆಗೆ ಬಂದರು ಎಂಬುದನ್ನೂ ನೆನೆಯಬೇಕು. ಅವರನ್ನು ಬಾಗಿಲಲ್ಲಿ ಬರಮಾಡಿಕೊಂಡ ಮಾತು ಯಾವುದು ಎಂಬುದರ ಮೇಲೆ ಅವರ ಮುಂದಿನ ಬದುಕು ನಿಂತಿರುತ್ತದೆ.

ಸೋತ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಸೋತ ಹುಡುಗಿಗೆ ಗಂಡು ನೋಡಲು ಆರಂಭಿಸುತ್ತಾರೆ. ಹದಿನೆಂಟು ತುಂಬದ ಹೆಣ್ಣಿನ ಮದುವೆ 2006ರ ಕಾಯಿದೆಯಂತೆ ಅಪರಾಧ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಕಾನೂನಿನ ಮಾತು ಹಾಗಿರಲಿ, ಬೆಳೆದು ಮುಗಿಯದ, ರಕ್ತ ಕಡಿಮೆಯಿರುವ ಮೈಗೆ ಬಸಿರು ಪ್ರಾಣಾಪಾಯ. ಒಂದು ವಿಷಯದಲ್ಲಿ ಅಂಕ ಕಡಿಮೆಯಾದುದಕ್ಕೆ ಇಷ್ಟು ದೊಡ್ಡ ದಂಡವೇ? ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಸೋಲು ಎಂಬುದು ಕೆಲವೇ ವಾರಗಳ ಮಾತು. ಮದುವೆ ಹಾಗಲ್ಲ.

ನಿದ್ದೆ ಬಾರದಿರುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಪದೇ ಪದೇ ಹೊಟ್ಟೆನೋವೆನ್ನುವುದು, ‘ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ’ ಎಂಬಂತಹ ಮಾತಾಡುವುದು ಎರಡು ವಾರ ಮುಂದುವರಿದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು. ಸಾಯುವ ಮಾತು ಬಂದರಂತೂ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬಾರದು. ಮಗುವನ್ನು ಒಂಟಿಯಾಗಿ ಬಿಡಬಾರದು. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ ಹದಿಹರೆಯದವರಿಗಾಗಿಯೇ ಇದೆ. ದೆವ್ವ, ದೃಷ್ಟಿ ಎಂದು ತಿಂಗಳುಗಟ್ಟಲೆ ಅಲೆಯುವುದಕ್ಕಿಂತ ಮೊದಲು ಅಲ್ಲಿಗೆ ಹೋಗುವುದು ಲೇಸು.

ನಿದ್ರೆ, ಆಟ ಮತ್ತು ಓದುವ ಬಗೆ

ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ಹೇಳಿದೆ. ಹತ್ತನೆಯ ತರಗತಿ ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಕೊಡುವುದು, ನಡುರಾತ್ರಿಯವರೆಗೆ ಓದಿಸುವುದು ಲಾಭವೆಂದು ತೋರಿದರೂ ನಷ್ಟ. ಹಗಲು ಕಲಿತದ್ದು ಮೆದುಳಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ.

ಓದುವ ಬಗೆಯನ್ನೂ ಬದಲಾಯಿಸಬೇಕು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಬಾರಿ ಓದಿತು. ಇನ್ನೊಂದು ಗುಂಪು ಒಂದು ಬಾರಿ ಓದಿ, ಮೂರು ಬಾರಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದುದು ಸುಮಾರು ಶೇ. 40, ನೆನೆದು ಬರೆದವರಿಗೆ ಶೇ. 61. ನಮ್ಮ ಮಕ್ಕಳು ಗಟ್ಟಿಯಾಗಿ ಓದುತ್ತಲೇ ಇದ್ದರೆ ಬಂದಂತೆಯೇ ತೋರುತ್ತದೆ; ಪರೀಕ್ಷೆಯ ದಿನ ಮಾತ್ರ ಬರುವುದಿಲ್ಲ. ಆದ್ದರಿಂದ ಓದಿದ ಮೇಲೆ ಪುಸ್ತಕ ಮುಚ್ಚಿ ಅಜ್ಜಿಗೋ ತಂಗಿಗೋ ಪಾಠ ಹೇಳಲಿ. ಅಕ್ಷರ ಬಾರದ ಅಜ್ಜಿಯೂ ಒಳ್ಳೆಯ ಪರೀಕ್ಷಕಿ. ಆಕೆಗೆ ಅರ್ಥವಾದರೆ ಮಗುವಿಗೆ ಅರ್ಥವಾಗಿದೆ ಎಂದೇ ಲೆಕ್ಕ. ಪಾವಗಡದ ಗಡಿಯಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ಅವರು ಮೊದಲು ತೆಲುಗಿನಲ್ಲಿ ವಿವರಿಸಿ, ನಂತರ ಕನ್ನಡದಲ್ಲಿ ಬರೆಯಲಿ. ಎರಡು ನುಡಿ ಬಲ್ಲುದು ಕೊರತೆಯಲ್ಲ, ಸಂಪತ್ತು.

ನಾಲ್ಕು ತಾಲ್ಲೂಕು, ನಾಲ್ಕು ತೆರೆದ ಪುಸ್ತಕ

ಶಾಲೆಯ ಗೋಡೆಯಾಚೆಯೂ ಪಾಠಗಳಿವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗ್ರಾಮಸ್ಥರೇ ಅವಕ್ಕೆ ಕಾವಲು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಕೊರಟಗೆರೆಯ ಸಿದ್ಧರಬೆಟ್ಟ ಔಷಧೀಯ ಸಸ್ಯಗಳಿಗೆ ಹೆಸರಾದುದು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿದೆ. ಜೀವಶಾಸ್ತ್ರ, ಪರಿಸರ, ಭೌತವಿಜ್ಞಾನಗಳನ್ನು ಕಣ್ಣಾರೆ ಕಲಿಯಲು ಇದಕ್ಕಿಂತ ಬೇರೆ ಪ್ರಯೋಗಾಲಯ ಬೇಕೆ?

ದೂರ ಹೋಗಲಾಗದವರು ಶಾಲೆಯ ಅಂಗಳದಲ್ಲಿಯೇ ಮಳೆಮಾಪಕ ಇಡಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಬಿದ್ದರೆ 4,000 ಲೀಟರ್. ಈ ಗುಣಾಕಾರವನ್ನು ತಾನೇ ಅಳೆದು ಮಾಡಿದ ಹುಡುಗಿ ಅದನ್ನು ಮರೆಯುವುದಿಲ್ಲ. ಆ ನೀರಿನಲ್ಲಿ ಫ್ಲೋರೈಡ್ ಬಹುತೇಕ ಇರುವುದಿಲ್ಲವೆಂಬುದನ್ನೂ ಮರೆಯುವುದಿಲ್ಲ. ಅವಳ ಗಣಿತವೂ ಆರೋಗ್ಯವೂ ಅಲ್ಲಿ ಒಂದಾಗುತ್ತವೆ.

ಭಕ್ತರು ಮಾಡಬಹುದಾದದ್ದು

ಊರಿನ ಪ್ರೌಢಶಾಲೆಯ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿರಿ: ಮಕ್ಕಳು ಕುಡಿಯುವ ನೀರಿನ ಪರೀಕ್ಷೆ ಕಡೆಯ ಬಾರಿ ಎಂದು ನಡೆಯಿತು? ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿದೆಯೆ? ಶಾಲೆ ಬಿಟ್ಟ ಮಕ್ಕಳು ಎಷ್ಟು, ಅವರೀಗ ಎಲ್ಲಿದ್ದಾರೆ? ಉತ್ತರ ಬರುವವರೆಗೆ ವಿನಯದಿಂದಲೇ ಮತ್ತೆ ಮತ್ತೆ ಕೇಳಿರಿ. ಮನೆಯಲ್ಲಿ ಜಾಗವಿಲ್ಲದ ಮಕ್ಕಳಿಗೆ ಸಂಜೆ ಓದಲು ಸಮುದಾಯ ಭವನದ ಬಾಗಿಲು ತೆರೆಯಿರಿ. ದೀಪ, ಚಾಪೆ, ಒಂದು ಹಿಡಿ ಹುರಿದ ಕಡಲೆಕಾಯಿ ಸಾಕು. ಜಾತಿ ಕೇಳದೆ ಎಲ್ಲ ಮಕ್ಕಳನ್ನೂ ಕೂರಿಸಿರಿ. ದಾಸೋಹವೆಂದರೆ ಅದೇ.

ಈ ಬಾರಿ ಫಲಿತಾಂಶದ ದಿನ ಮಗುವಿನ ಅಂಕ ಕೇಳುವ ಮೊದಲು ಊಟವಾಯಿತೇ ಎಂದು ಕೇಳೋಣ. ಅಂಕದ ಮಾತು ಉಂಡ ಮೇಲೆಯೂ ಆಡಬಹುದು.