ನೀರಿಗೂ ಒಂದು ಜಾಗ

ಜೋರು ಮಳೆ ಬಂದರೆ ತಗ್ಗಿನ ಮನೆಗಳಿಗೆ ಚರಂಡಿ ನೀರು ನುಗ್ಗುವುದನ್ನು ನಾವೆಲ್ಲ ಕಂಡಿದ್ದೇವೆ. ಅಮೆರಿಕದ ಅಟ್ಲಾಂಟಾ ನಗರದ ಒಂದು ಬಡಾವಣೆಯಲ್ಲೂ ಇದೇ ಗೋಳಿತ್ತು. ನೆಲದಡಿ ದೊಡ್ಡ ಸುರಂಗ ತೋಡುವ ಬದಲು, ಅಲ್ಲಿಯವರು ತಗ್ಗಿನಲ್ಲೇ ಸುಮಾರು 2 ಎಕರೆಯ ಕೆರೆ ಕಟ್ಟಿದರು, ಖರ್ಚೂ ಉಳಿಯಿತು. ಕೆರೆಯ ಸುತ್ತಲಿನ ಹಿಸ್ಟಾರಿಕ್ ಫೋರ್ತ್ ವಾರ್ಡ್ ಉದ್ಯಾನ 2011ರಲ್ಲಿ ಜನರಿಗೆ ತೆರೆಯಿತು.

ಮಳೆ ಸುರಿದಾಗ ಸುತ್ತಲಿನ ನೀರು ಬಂದು ಕೆರೆಯಲ್ಲಿ ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಒಳಚರಂಡಿಗೆ ಇಳಿಯುತ್ತದೆ. ಮಳೆಯಿಲ್ಲದ ದಿನಗಳಲ್ಲೂ ಕೆರೆಯಲ್ಲಿ ನೀರಿರುತ್ತದೆ. ಅಲ್ಲಿಗೆ ಬಾತುಕೋಳಿ, ಕೊಕ್ಕರೆ, ಆಮೆಗಳು ಬಂದು ಸೇರಿವೆ. ಸುರಂಗವನ್ನೇ ತೋಡಿದ್ದರೆ ಈ ಜೀವಗಳಿಗೆ ನೆಲೆಯೆಲ್ಲಿತ್ತು?

ಹಿರಿಯರು ಬಿಟ್ಟುಹೋದ ಕೆರೆ-ಕುಂಟೆಗಳನ್ನು ಮುಚ್ಚಿ ನಿವೇಶನ ಮಾಡುವ ಮುನ್ನ ನಾವು ಇದನ್ನು ನೆನೆಯಬೇಕು. ನಾವು ಜಾಗ ಬಿಡದಿದ್ದರೆ ನೀರು ನಮ್ಮ ಮನೆಯೊಳಗೇ ಜಾಗ ಹುಡುಕುತ್ತದೆ.